ಸೋತವರ ಮನೆಗೆ ಬುತ್ತಿ

ಮತ ಎಣಿಕೆಯ ದಿನ ಬಂತೆಂದರೆ ನನ್ನ ಕೈ ತನ್ನಷ್ಟಕ್ಕೆ ತಾನೇ ಜೋಳದ ಹಿಟ್ಟಿನ ಡಬ್ಬಿಗೆ ಹೋಗುತ್ತದೆ. ಊರೆಲ್ಲ ಟಿವಿ ಮುಂದೆ ಕುಳಿತು ಯಾರು ಮುಂದೆ, ಯಾರು ಹಿಂದೆ ಎಂದು ನೋಡುತ್ತಿದ್ದರೆ ನಾನು ಅಡುಗೆಮನೆಯಲ್ಲಿ ಎಸರಿಟ್ಟು ಹಿಟ್ಟು ನಾದುತ್ತಿರುತ್ತೇನೆ. ಕಳೆದ ವಿಧಾನಸಭೆ ಚುನಾವಣೆಯಲ್ಲೂ ಹಾಗೇ ಆಯಿತು. ಸರ್ಕಾರ ಬದಲಾಗುವುದು ಖಾತ್ರಿಯಾಗುವ ಹೊತ್ತಿಗೆ ನಮ್ಮ ಬುಟ್ಟಿಯ ತುಂಬ ರೊಟ್ಟಿ. ತಿನ್ನುವವರೆಂದರೆ ನಾನು, ನಮ್ಮ ಮನೆಯವರು ಮತ್ತು ಹಲ್ಲಿಲ್ಲದ ನಮ್ಮ ಅವ್ವ. ನಮ್ಮ ಮನೆಯವರು ಬುಟ್ಟಿ ನೋಡಿ, ಬ್ಯಾಂಕಿನ ಕೆಲಸ ಮುಗಿದ ಮೇಲೆ ಖಾನಾವಳಿ ತೆಗೆಯುವ ವಿಚಾರವೇನಾದರೂ ಉಂಟೋ ಎಂದು ಕೇಳಿದರು. ಅವ್ವ ಬುಟ್ಟಿಯನ್ನೂ ನೋಡಲಿಲ್ಲ, ಟಿವಿಯನ್ನೂ ನೋಡಲಿಲ್ಲ. "ಈ ಸಲ ಸೋತವ್ರು ಯಾರವ್ವಾ?" ಎಂದಳು.

ಗೆದ್ದವರು ಯಾರೆಂದು ಅವ್ವ ಎಂದೂ ಕೇಳಿದವಳಲ್ಲ. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಕಮಲಾಪುರಕ್ಕೆ ಬರಬೇಕು. ದೂರವೇನಿಲ್ಲ, ಕಲಬುರಗಿಯಲ್ಲಿ ಹುಮನಾಬಾದ್ ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬಂದುಬಿಡುತ್ತದೆ.

ನಮ್ಮ ಸಂಸಾರ ಕಲಬುರಗಿಯಲ್ಲಿ, ಓಟು ಕಮಲಾಪುರದಲ್ಲಿ. ಅಪ್ಪನಿಗೆ ಇಲ್ಲಿಯ ಕಾಳಿನ ಪೇಟೆ ನೆಹರು ಗಂಜಿನಲ್ಲಿ ತೊಗರಿಯ ಅಡತಿ ಅಂಗಡಿ, ಅಂದರೆ ದಲ್ಲಾಳಿ ಅಂಗಡಿ ಇತ್ತು. ಹೊಲ, ಹಳೆಯ ಮನೆ, ಮನೆದೇವರು ಎಲ್ಲ ಕಮಲಾಪುರದಲ್ಲಿ. ಗುಲಬರ್ಗಾ ಹೋಗಿ ಕಲಬುರಗಿ ಆಯಿತು, ನಾವು ಬಾಡಿಗೆ ಮನೆ ಬಿಟ್ಟು ಶರಣಸಿರಸಗಿ ಕಡೆ ಸ್ವಂತ ಮನೆ ಕಟ್ಟಿದೆವು, ಆದರೂ ಅಲ್ಲಿಯ ಮತದಾರರ ಪಟ್ಟಿಯಿಂದ ತನ್ನ ಹೆಸರನ್ನೂ ಅವ್ವನ ಹೆಸರನ್ನೂ ಅಪ್ಪ ಈ ಕಡೆ ತರಲಿಲ್ಲ. ಅನ್ನ ಇಲ್ಲಿಯದಾದರೂ ಓಟು ಅಲ್ಲಿಯದೇ ಇರಬೇಕು ಎಂದು ಅವನ ವಾದ. ಅವ್ವನಿಗೂ ಅದೇ ಬೇಕಾಗಿತ್ತು. ಅವಳ ತವರು ಕಮಲಾಪುರವೇ, ಅಪ್ಪನ ಹಳೆಯ ಮನೆಯಿಂದ ಎರಡು ಓಣಿ ಆಚೆ. ತವರು ಎಂದರೂ ಒಂದೇ, ತಮ್ಮ ಎಂದರೂ ಒಂದೇ: ಬಾಳೆ ತೋಟದ ನನ್ನ ಸೋದರಮಾವ ಶರಣಪ್ಪ. ಕಮಲಾಪುರದ ಕೆಂಪು ಬಾಳೆಹಣ್ಣು ನೀವು ತಿಂದಿದ್ದರೆ ಮಾವನ ಸ್ವಭಾವ ನಿಮಗೆ ಅರ್ಧ ಗೊತ್ತಾದಂತೆ. ಸಿಪ್ಪೆ ದಪ್ಪ, ಒಳಗೆ ಮೆತ್ತಗೆ.

ಅಪ್ಪ ಒಂದು ಪಕ್ಷ, ಮಾವ ಇನ್ನೊಂದು ಪಕ್ಷ. ಯಾವ ಪಕ್ಷಗಳೆಂದು ಹೇಳುವುದಿಲ್ಲ. ಹೇಳಿದರೆ ನೀವು ಓದುವುದನ್ನು ಬಿಟ್ಟು ಒಬ್ಬರ ಪರ ವಕಾಲತ್ತಿಗೆ ನಿಲ್ಲುತ್ತೀರಿ. ಮೇಲಾಗಿ ಈ ಕಾಲದಲ್ಲಿ ನಾನು ಬರೆದು ನೀವು ಓದುವಷ್ಟರಲ್ಲಿ ಯಾರು ಯಾವ ಪಕ್ಷದಲ್ಲಿರುತ್ತಾರೋ ಆ ಶಿವನೇ ಬಲ್ಲ.

ಬುತ್ತಿಯ ಪದ್ಧತಿ ಶುರುವಾದದ್ದು ನಾನು ಇನ್ನೂ ಲಂಗ ಉಡುತ್ತಿದ್ದ ಕಾಲಕ್ಕೆ. ಆ ಸಲ ಮಾವನ ಪಕ್ಷ ಮಣ್ಣು ಮುಕ್ಕಿತ್ತು. ಮಾವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ, ಅತ್ತೆ ಒಲೆಯನ್ನೇ ಹಚ್ಚಿಲ್ಲ ಎಂದು ಯಾರೋ ಬಂದು ಹೇಳಿದರು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರೇ ಬುತ್ತಿ ಕಟ್ಟಿಕೊಂಡು ಹೋಗಿ ಉಣ್ಣಿಸಿ ಬರುತ್ತಾರೆ. ಅವ್ವ ಹಿಂದೆ ಮುಂದೆ ನೋಡದೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿದಳು. ಹೆಗಲ ಮೇಲಿನ ಗುಲಾಲನ್ನು ಇನ್ನೂ ಕೊಡವದಿದ್ದ ಅಪ್ಪನ ಕೈಗೆ ಗಂಟು ಕೊಟ್ಟು, ಗೆದ್ದವರು ನೀವು, ಒಯ್ಯುವುದೂ ನೀವೇ ಎಂದಳು. ಅಪ್ಪ ಹೋದ. ಗೋಡೆ ಕಡೆ ತಿರುಗಿ ಮಲಗಿದವನ ಎದುರು ಗಂಟು ಬಿಚ್ಚಿ ಕುಳಿತ. ಬಹಳ ಹೊತ್ತಾದ ಮೇಲೆ ಮಾವ ಎದ್ದು, ಪುಂಡಿಪಲ್ಯಕ್ಕೆ ಉಪ್ಪು ಕಮ್ಮಿಯಾಗಿದೆ ಎಂದನಂತೆ. ಅವತ್ತಿನಿಂದ ಅದು ಪದ್ಧತಿಯಾಯಿತು. ನಮ್ಮ ರಾಜ್ಯದ ಜನ ಒಂದು ಸಲ ಕೂಡಿಸಿದವರನ್ನು ಮುಂದಿನ ಸಲ ಏಳಿಸದೆ ಬಿಡುವವರಲ್ಲವಷ್ಟೇ. ಹಾಗಾಗಿ ಒಮ್ಮೆ ನಮ್ಮ ಮನೆಯ ಬುತ್ತಿ ಆ ಕಡೆ, ಇನ್ನೊಮ್ಮೆ ಆ ಮನೆಯ ಬುತ್ತಿ ಈ ಕಡೆ.

ಬರಬರುತ್ತ ಅದಕ್ಕೆ ಕಾಯ್ದೆಗಳೂ ಹುಟ್ಟಿಕೊಂಡವು. ಬುತ್ತಿಯಲ್ಲಿ ಸಿಹಿ ಇರಕೂಡದು, ಇದ್ದರೆ ಅಣಕಿಸಿದಂತೆ. ಗೆದ್ದವರು ಸೋತವರ ಮನೆಯಲ್ಲಿ ಎಣಿಕೆಯ ಮಾತು ಎತ್ತಕೂಡದು. ಮಳೆ, ತೊಗರಿ ಧಾರಣೆ, ಯಾರದೋ ಮನೆಯ ಎಮ್ಮೆ ಈದದ್ದು, ಇಂಥವೇ ಆಡಬೇಕು. ಹೊರಡುವಾಗ 'ಹೋಗಿ ಬರ್ತೀನಿ' ಎನ್ನಕೂಡದು, ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಬೇಕು. ಸೂತಕದ ಮನೆಯ ರೀತಿ ರಿವಾಜು ಒಂದೂ ತಪ್ಪುತ್ತಿರಲಿಲ್ಲ. ಊರವರು ನಗುತ್ತಿದ್ದರು. ನಾನೂ ಕಾಲೇಜಿನಲ್ಲಿದ್ದಾಗ, ನಾಲ್ಕು ಇಂಗ್ಲಿಷ್ ಪುಸ್ತಕ ಓದಿದ ಗತ್ತಿನಲ್ಲಿ, ಇದೆಂಥ ಹುಚ್ಚಾಟ ಎಂದು ಭಾಷಣ ಬಿಗಿದಿದ್ದೆ. ಅಪ್ಪ ಪೂರ್ತಿ ಕೇಳಿ, ಚೆನ್ನಾಗಿ ಮಾತಾಡುತ್ತೀ, ಮುಂದಿನ ಸಲ ನಿನಗೇ ಟಿಕೆಟ್ ಕೊಡಿಸೋಣ ಎಂದ.

ಒಂದು ಸಲವಂತೂ ದೊಡ್ಡ ಫಜೀತಿಯಾಯಿತು. ಆಗ ಎಣಿಕೆ ಎಂದರೆ ಹಗಲು ರಾತ್ರಿ ನಡೆಯುವ ಕೆಲಸ, ಸುದ್ದಿ ಎಂದರೆ ರೇಡಿಯೋ ಮತ್ತು ಗಂಜಿನ ಹಮಾಲರ ಬಾಯಿ. ಮಧ್ಯಾಹ್ನದ ಹೊತ್ತಿಗೆ ಅಪ್ಪನ ಪಕ್ಷ ಮುಂದಿದೆ ಎಂದು ಗಂಜಿನಲ್ಲಿ ಸುದ್ದಿ ಹಬ್ಬಿತು. ಅಪ್ಪನಿಗೆ ತಡೆಯಲಾಗಲಿಲ್ಲ. ಇನ್ನಷ್ಟು ಹೊತ್ತು ತಾಳಿ ಎಂದು ಅವ್ವ ಬಡಿದುಕೊಂಡರೂ ಕೇಳದೆ ಬುತ್ತಿ ಕಟ್ಟಿಸಿಕೊಂಡು ಬಸ್ಸು ಹತ್ತಿದ. ಕೂಸು ಹುಟ್ಟುವ ಮುಂಚೆ ಕುಲಾವಿ. ಅವನು ಮಹಾಗಾಂವ್ ಕ್ರಾಸ್ ದಾಟುವಷ್ಟರಲ್ಲಿ ಉಳಿದ ಮತಪೆಟ್ಟಿಗೆಗಳು ಲೆಕ್ಕವನ್ನು ತಿರುವಿ ಹಾಕಿದ್ದವು. ಕಮಲಾಪುರದಲ್ಲಿ ಇಳಿದರೆ ಮಾವನ ಓಣಿಯಲ್ಲಿ ಪಟಾಕಿ. ಪಾಪ, ಸೋತ ದುಃಖದಲ್ಲಿ ಇವರಿಗೆ ತಲೆ ಕೆಟ್ಟಿದೆ ಎಂದೇ ಅಪ್ಪ ಮಾವನ ಮನೆ ಹೊಕ್ಕ. ಅತ್ತೆ ಇವನ ಕೈಯಲ್ಲಿನ ಗಂಟು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಾವ ಗೆದ್ದ ಸುದ್ದಿ ಕೇಳಿದ್ದೇ ತಡ, ಬಾಳೆ ಒಯ್ಯುವ ಲಾರಿ ಹತ್ತಿ, ತನ್ನ ಬುತ್ತಿ ಹಿಡಿದು ನಮ್ಮ ಮನೆಗೆ ಹೊರಟುಬಿಟ್ಟಿದ್ದ. ಎರಡು ಬುತ್ತಿಗಳೂ ದಾರಿಯಲ್ಲೇ ಒಂದನ್ನೊಂದು ದಾಟಿ ಹೋಗಿದ್ದವು. ಅಪ್ಪ ತಾನು ಒಯ್ದ ರೊಟ್ಟಿಯನ್ನು ತಾನೇ ಸೋತವನಾಗಿ ತಿಂದು, ಕಡೆಯ ಬಸ್ಸಿಗೆ ಮನೆಗೆ ಬಂದ. ಆಮೇಲೆ ಎಷ್ಟೋ ವರ್ಷ ಮಾವ ಅಪ್ಪನನ್ನು ನೋಡಿದಾಗಲೆಲ್ಲ, ಬುತ್ತಿ ತಂದೀರೇನು ಎಂದೇ ಮಾತು ಶುರು ಮಾಡುತ್ತಿದ್ದ.

ಓಟಿನ ದಿನ ಮಾತ್ರ ಇಬ್ಬರ ನಡುವೆ ಮಾತಿಲ್ಲ. ಶಾಲೆಯ ಮತಗಟ್ಟೆಯಿಂದ ಸಾಕಷ್ಟು ದೂರದಲ್ಲಿ, ರಸ್ತೆಯ ಈ ಬದಿ ಅಪ್ಪನ ಪಕ್ಷದ ಟೇಬಲ್ಲು, ಆ ಬದಿ ಮಾವನದು. ಪಟ್ಟಿಯಲ್ಲಿ ಹೆಸರು ಹುಡುಕಿ, ಕ್ರಮಸಂಖ್ಯೆ ಚೀಟಿಯಲ್ಲಿ ಬರೆದು, ಬಂದವರ ಕೈಗೆ ಕೊಡುವ ಕೆಲಸ. ಎದುರು ಬದುರು ಕುಳಿತು ದಿನವಿಡೀ ಒಬ್ಬರನ್ನೊಬ್ಬರು ನೋಡದಂತೆ ನೋಡುತ್ತಿದ್ದರು. ಸಣ್ಣವಳಿದ್ದಾಗ ನಾನು ಎರಡೂ ಟೇಬಲ್ಲಿನವಳು. ಈ ಬದಿಯ ಪಕ್ಷದ ಬಿಲ್ಲೆ ಎದೆಗೆ ಚುಚ್ಚಿಕೊಂಡು ಚುರುಮುರಿ ತಿಂದು, ಅದನ್ನು ಕಿತ್ತು ಲಂಗದ ಚುಂಗಿಗೆ ಸಿಕ್ಕಿಸಿ, ಆ ಬದಿಯ ಬಿಲ್ಲೆ ಚುಚ್ಚಿಕೊಂಡು ಅಲ್ಲಿ ಬಾಳೆಹಣ್ಣು ತಿನ್ನುತ್ತಿದ್ದೆ. ಈಗ ಟಿವಿಯಲ್ಲಿ ಪಕ್ಷಾಂತರಿಗಳನ್ನು ಬೈಯುವಾಗ ನನಗೆ ನನ್ನ ಲಂಗದ ಚುಂಗು ನೆನಪಾಗಿ ದನಿ ತುಸು ತಗ್ಗುತ್ತದೆ.

ಅವ್ವ ಯಾರಿಗೆ ಓಟು ಹಾಕುತ್ತಿದ್ದಳೋ ಗೊತ್ತಿಲ್ಲ. ತನ್ನ ಪಕ್ಷಕ್ಕೇ ಎಂದು ಅಪ್ಪ ನಂಬಿದ್ದ, ತನ್ನ ಪಕ್ಷಕ್ಕೇ ಎಂದು ಮಾವ ನಂಬಿದ್ದ. ಅವಳು ಇಬ್ಬರ ನಂಬಿಕೆಗೂ ಅಡ್ಡಿ ಬರಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ, ಈಚೆಗೆ ಕೆಲವು ವರ್ಷಗಳ ಹಿಂದೆ, ಚುನಾವಣೆಯೇ ಇಲ್ಲದೆ ಸರ್ಕಾರ ಬದಲಾಯಿತು. ಮಾವ ಯಾರಿಗಾಗಿ ಅರ್ಧ ಆಯುಷ್ಯ ಬಿಸಿಲಲ್ಲಿ ತಿರುಗಿದ್ದನೋ, ಯಾರಿಗೆ ಪ್ರತಿ ಸಲ ಗೆದ್ದಾಗಲೂ ತನ್ನ ತೋಟದ ಮೊದಲ ಗೊನೆ ಒಯ್ದು ಕೊಡುತ್ತಿದ್ದನೋ, ಆ ಶಾಸಕ ಸಾಹೇಬರು ಒಂದು ದಿನ ಊರಲ್ಲಿ ಕಾಣಲಿಲ್ಲ. ಆಮೇಲೆ ಟಿವಿಯಲ್ಲಿ ಕಂಡರು, ಯಾವುದೋ ರೆಸಾರ್ಟಿನ ಹುಲ್ಲಿನ ಮೇಲೆ. ರಾಜೀನಾಮೆ ಕೊಟ್ಟರು, ಸರ್ಕಾರ ಬಿತ್ತು, ಅಪ್ಪನ ಪಕ್ಷ ಗದ್ದುಗೆ ಏರಿತು. ಸಾಹೇಬರು ಅಪ್ಪನ ಪಕ್ಷದ ಶಾಲು ಹೊದ್ದು ಉಪಚುನಾವಣೆಗೆ ನಿಂತರು. ಅವರ ಹಿಂದೆ ಕಮಲಾಪುರದ ಅವರ ಮಂದಿಯೆಲ್ಲ ಶಾಲು ಬದಲಿಸಿದರು. ಮಾವ ಮಾತ್ರ ಬದಲಿಸಲಿಲ್ಲ. ಬೈಯಲೂ ಇಲ್ಲ, ತೋಟ ಬಿಟ್ಟು ಹೊರಗೆ ಬರುವುದನ್ನೇ ಬಿಟ್ಟ.

ನಮ್ಮ ಮನೆಯಲ್ಲಿ ಅವ್ವನಿಗೆ ದಿಕ್ಕೇ ತೋಚಲಿಲ್ಲ. ಬುತ್ತಿ ಕಟ್ಟಬೇಕೋ ಬೇಡವೋ? ಯಾರೂ ಓಟು ಹಾಕಿಲ್ಲ, ಯಾರೂ ಸೋತಿಲ್ಲ, ಆದರೆ ತಮ್ಮನ ಮನೆಯಲ್ಲಿ ಒಲೆ ಹತ್ತಿರಲಿಕ್ಕಿಲ್ಲ ಎಂದು ಅವಳ ಹೊಟ್ಟೆ ಹೇಳುತ್ತಿತ್ತು. ಬುತ್ತಿ ಕೊಟ್ಟು ಬನ್ನಿ ಎಂದು ಅಪ್ಪನಿಗೆ ಹೇಳಿದರೆ, ಯಾವ ಮುಖ ಹೊತ್ತು ಹೋಗಲಿ ಎಂದು ಅವನು ಅಂಗಡಿಗೆ ಹೋಗಿಬಿಟ್ಟ.

ಆ ಅಂಗಡಿಯಲ್ಲೇ ಇನ್ನೊಂದು ಪೇಚು ಕಾದಿತ್ತು. ಗಂಜಿನ ಸಮಿತಿಗೆ ಸರ್ಕಾರದಿಂದ ಒಬ್ಬರನ್ನು ನೇಮಿಸುವ ಜಾಗವೊಂದಿದೆ. ಅಪ್ಪನಿಗೆ ಆ ಖುರ್ಚಿಯ ಮೇಲೆ ವಯಸ್ಸಿನಲ್ಲಿದ್ದಾಗಿನಿಂದ ಆಸೆ. ತನ್ನ ಪಕ್ಷ ಬಂದಾಗಲೆಲ್ಲ ಈ ಸಲ ನಂದೇ ಎಂದುಕೊಳ್ಳುತ್ತಿದ್ದ, ಪ್ರತಿ ಸಲವೂ ಇನ್ಯಾರೋ ಕುಳಿತುಬಿಡುತ್ತಿದ್ದರು. ಈಗ ಸಾಹೇಬರ ಕಡೆಯವರು ಬಂದು ಚಹಾ ಕುಡಿದು, ನೇರವಾಗಿಯೇ ಮಾತಾಡಿದರು: ಶರಣಪ್ಪ ಇಲ್ಲದೆ ಕಮಲಾಪುರದಲ್ಲಿ ಸಾಹೇಬರಿಗೆ ಮುಖವಿಲ್ಲ, ಬೇರೆ ಯಾರು ಹೇಳಿದರೂ ಅವನು ಕೇಳುವುದಿಲ್ಲ, ನಿಮ್ಮ ಕೈಯಿಂದ ಅವನಿಗೊಂದು ಶಾಲು ಹೊದಿಸಿ, ಗಂಜಿನ ಖುರ್ಚಿ ನಿಮ್ಮದು. ಶಾಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ಹೋದರು.

ಮರುದಿನ ನಾವು ಮೂವರೂ ಕಮಲಾಪುರಕ್ಕೆ ಹೊರಟೆವು. ನಾನು ಬ್ಯಾಂಕಿಗೆ ರಜೆ ಹಾಕಿ ಕಾರು ಓಡಿಸಿದೆ. ಶಾಲು ಅಪ್ಪನ ಚೀಲದಲ್ಲಿತ್ತು, ಬುತ್ತಿ ಅವ್ವನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವ್ವ ಒಂದೇ ಮಾತು ಆಡಿದಳು. "ಅವಾ ಒಲ್ಲೆ ಅಂದ್ರ ನಿಮ್ಮ ಮಾನ ಹೋಗ್ತದ, ಹೂಂ ಅಂದ್ರ ಅವನ ಮಾನ ಹೋಗ್ತದ. ಯಾರದು ಹೋದ್ರೂ ನಂದು ತವರ ಮನಿ ಬಾಗಲಾ ಮುಚ್ಚತದ್ರಿ." ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ನಿಜ ಹೇಳುತ್ತೇನೆ, ಆಗ ನನಗೆ ಅಪ್ಪನ ಮೇಲೆ ಸಿಟ್ಟೂ ಬಂದಿತ್ತು, ಕನಿಕರವೂ ಆಗಿತ್ತು. ಆ ಖುರ್ಚಿಗಾಗಿ ಅವನು ಎಷ್ಟು ಕಾದಿದ್ದನೆಂದು ನಾನು ಕಂಡಿದ್ದೆನಲ್ಲ.

ಮಾವ ಪಡಸಾಲೆಯಲ್ಲಿ ಕುಳಿತಿದ್ದ. ಸೊರಗಿದ್ದ. ಅತ್ತೆ ನೀರು ಕೊಟ್ಟಳು, ಅವ್ವ ಬುತ್ತಿ ಬಿಚ್ಚಿದಳು, ಎಲ್ಲರೂ ಉಂಡೆವು. ಮಳೆ, ತೊಗರಿ ಧಾರಣೆ ಎಲ್ಲ ಮುಗಿಯಿತು. ಕಡೆಗೆ ಅಪ್ಪ ಚೀಲಕ್ಕೆ ಕೈ ಹಾಕಿ ಶಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಮಾವ ಅದನ್ನು ನೋಡಿದ, ಅಪ್ಪನನ್ನು ನೋಡಿದ.

"ಭಾವಾ, ಬ್ಯಾರೆ ಯಾರರೆ ತಂದಿದ್ರ ಅಂಗಳದಾಗ ಕಾಲ ಇಡಾಕ ಬಿಡತಿರಲಿಲ್ಲ," ಎಂದ. "ನೀವು ಅಕ್ಕನ ಗಂಡ. ನಿಮಗ ಒಲ್ಲೆ ಅಂತ ನಾ ಯಾವತ್ತೂ ಅಂದಿಲ್ಲ. ಹೊದಸ್ರಿ, ಹೊದ್ಕೋತೀನಿ."

ಹೇಳಿ, ತಲೆ ತುಸು ಬಗ್ಗಿಸಿ ಕುಳಿತುಬಿಟ್ಟ. ಅವ್ವನ ಕೈಯಲ್ಲಿ ತಾಟು ಹಾಗೇ ನಿಂತಿತು. ಅಪ್ಪ ಶಾಲಿನ ಮಡಿಕೆ ಬಿಚ್ಚಿದ, ಎರಡೂ ಕೈಯಲ್ಲಿ ಹಿಡಿದ, ಮಾವನ ಬೋಳು ತಲೆಯನ್ನೇ ನೋಡುತ್ತ ಕುಳಿತ. ಆಮೇಲೆ ಮೊದಲು ಹೇಗಿತ್ತೋ ಹಾಗೆ, ಅಂಚಿಗೆ ಅಂಚು ಕೂಡಿಸಿ ಮಡಿಚಿ ಚೀಲದೊಳಗೆ ಹಾಕಿದ.

"ಸೆಕಿ ಭಾಳ ಅದ ಶರಣಪ್ಪ. ಈ ಬ್ಯಾಸಗ್ಯಾಗ ಶಾಲ ಯಾಂವ ಹೊದೀತಾನ," ಎಂದ. ಚೀಲದ ಬಾಯಿ ಕಟ್ಟುತ್ತ, "ಮತ್ತ ನೀ ಈ ಕಡಿ ಬಂದ್ರ ನಾ ಯಾರ ಕೂಡ ಜಗಳಾಡ್ಲಿ?" ಎಂದ. ಮಾವ ತಲೆ ಎತ್ತಲಿಲ್ಲ, ಅತ್ತೆ ಮಾತ್ರ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಇಷ್ಟಕ್ಕೇ ಮುಗಿದಿದ್ದರೆ ಅಪ್ಪನ ಖುರ್ಚಿಗೆ ಅಷ್ಟೇನೂ ಧಕ್ಕೆಯಾಗುತ್ತಿರಲಿಲ್ಲ. ಹೋಗಿ ಹೇಳಿದೆ, ಅವನು ಕೇಳಲಿಲ್ಲ ಎಂದರೆ ಸಾಹೇಬರ ಕಡೆಯವರು ನಂಬುತ್ತಿದ್ದರು. ನಂಬಿದರು ಕೂಡ. ಖುರ್ಚಿ ತಪ್ಪಿದ್ದು ಓಟಿನ ದಿನ. ಅದರ ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸಿ ನನಗೇನು ಆಗಬೇಕಾಗಿದೆ? ಸಾಹೇಬರೇ ಗೆದ್ದರು. ಮಾವನ ಪಕ್ಷ ಸೋತಿತು. ಗಂಜಿನ ಖುರ್ಚಿಯಲ್ಲಿ, ಮಾವನ ಜೊತೆ ಇದ್ದು ಶಾಲು ಬದಲಿಸಿದವರಲ್ಲಿ ಒಬ್ಬ ಬಂದು ಕುಳಿತ. ಅಪ್ಪ ಅವನ ಎದುರು ನಿಂತು ನಮಸ್ಕಾರ ಮಾಡಿ ಅಂಗಡಿಗೆ ಬಂದು, ಆ ದಿನ ಎರಡು ಚಹಾ ಹೆಚ್ಚಿಗೆ ಕುಡಿದ. ಮುಂದೆ ಮತ್ತೆ ಸರ್ಕಾರ ಬದಲಾಗುವುದನ್ನು ನೋಡಲು ಅಪ್ಪನೂ ಉಳಿಯಲಿಲ್ಲ, ಮಾವನೂ ಉಳಿಯಲಿಲ್ಲ. ಇಬ್ಬರೂ ಒಂದೇ ವರ್ಷದಲ್ಲಿ, ಹಿಂದೆ ಮುಂದೆ ಹೋದರು.

ಉಪಚುನಾವಣೆಯ ಆ ದಿನ ಅಪ್ಪನನ್ನೂ ಅವ್ವನನ್ನೂ ಓಟಿಗೆ ಕರೆದುಕೊಂಡು ಹೋದವಳು ನಾನೇ. ಶಾಲೆಯ ಎದುರಿನ ರಸ್ತೆಯ ತುದಿಯಲ್ಲಿ ಕಾರು ನಿಲ್ಲಿಸಿದೆ. ಈ ಬದಿ ಅಪ್ಪನ ಪಕ್ಷದ ಟೇಬಲ್ಲಿನ ಸುತ್ತ ಜಾತ್ರೆಯಷ್ಟು ಮಂದಿ, ಅದರಲ್ಲಿ ಅರ್ಧ ಮಾವನ ಹಳೆಯ ಗೆಳೆಯರು. ಆ ಬದಿ ಒಂದು ಟೇಬಲ್ಲು, ಒಂದು ಖುರ್ಚಿ, ಮಾವ ಒಬ್ಬನೇ. ನೆರಳಿಗೆ ಕಟ್ಟಿದ್ದ ಬಟ್ಟೆಯ ಒಂದು ಮೂಲೆ ಬಿಚ್ಚಿ ಮುಖಕ್ಕೆ ಬಡಿಯುತ್ತಿತ್ತು, ಕಟ್ಟಲು ಇನ್ನೊಬ್ಬರಿರಲಿಲ್ಲ. ಬೆಳಗಿನಿಂದ ಅವನು ಕುಳಿತಲ್ಲಿಂದ ಎದ್ದಿರಲಿಲ್ಲ. ಎದ್ದರೆ ಟೇಬಲ್ಲು ಬರಿದಾಗುತ್ತದೆ, ಟೇಬಲ್ಲು ಬರಿದಾದರೆ ಆ ಊರಲ್ಲಿ ಪಕ್ಷವೇ ಇಲ್ಲವೆಂದಂತೆ. ಹಾಗಾಗಿ ಮಧ್ಯಾಹ್ನ ದಾಟಿದರೂ ಅವನ ಸ್ವಂತ ಓಟೇ ಬಿದ್ದಿರಲಿಲ್ಲ. ಇದು ಅಪ್ಪನಿಗೆ ಹೇಗೆ ಗೊತ್ತಾಯಿತೆಂದರೆ, ಅವನು ದಿನವಿಡೀ ಮಾವನ ಬೆರಳನ್ನೇ ನೋಡುತ್ತಿದ್ದನಂತೆ. ಶಾಯಿ ಇರಲಿಲ್ಲ.

ಗದ್ದಲ ಕರಗಲೆಂದು ಕಾದಿದ್ದ ಅವ್ವ ಆಗ ಸರದಿಯಲ್ಲಿ ನಿಲ್ಲಲು ಹೊರಟಿದ್ದಳು, ನಾನು ಅವಳ ಕೈ ಹಿಡಿದಿದ್ದೆ. ಅಷ್ಟರಲ್ಲಿ ಅಪ್ಪ ತನ್ನ ಟೇಬಲ್ಲಿನಿಂದ ಎದ್ದ. ಕೊರಳಿನ ಶಾಲು ತೆಗೆದು ಖುರ್ಚಿಯ ಬೆನ್ನಿಗೆ ಹಾಕಿದ. ಧೋತರದ ಚುಂಗು ಹಿಡಿದು, ನಡುವೆ ಬಂದ ಆಟೋಗೆ ದಾರಿ ಬಿಟ್ಟು, ರಸ್ತೆ ದಾಟಿದ. ಈ ಬದಿಯಲ್ಲಿ ಕುಳಿತವರು ಎದ್ದು ನಿಂತರು. ಯಾರೋ ಮೊಬೈಲ್ ಎತ್ತಿ ಹಿಡಿದರು. ಆ ಫೋಟೋ ಅವತ್ತೇ ಸಾಹೇಬರ ಕೈ ಸೇರಿತು. ಅಪ್ಪ ಹಿಂದಿರುಗಿ ನೋಡಲಿಲ್ಲ.

"ಏಳು. ಓಟ ಹಾಕಿ ಬಾ. ಬರೂತನಾ ನಾ ಕೂಡತೀನಿ," ಎಂದ.

ಮಾವ, ಬೇಡ ಭಾವಾ, ನಿಮ್ಮ ಮಂದಿ ನೋಡುತ್ತಿದ್ದಾರೆ ಎಂದು ಮೆಲ್ಲಗೆ ಹೇಳಿದ. ಅಪ್ಪ ಅವನ ರಟ್ಟೆ ಹಿಡಿದು ಎಬ್ಬಿಸಿ, ತಾನು ಕುಳಿತು, ಕನ್ನಡಕ ಏರಿಸಿ ಪಟ್ಟಿ ಎಳೆದುಕೊಂಡ. ಮಾವ ಸರದಿಯಲ್ಲಿ ನಿಂತು ಓಟು ಹಾಕಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದ. ಆದರೂ ಅಪ್ಪ ಏಳಲಿಲ್ಲ. ಅಲ್ಲಿ ಎರಡನೆಯ ಖುರ್ಚಿ ಇರಲಿಲ್ಲವಾದ್ದರಿಂದ ಮಾವ ಹಿಂದೆ ನಿಂತು, ಬಿಚ್ಚಿದ ಬಟ್ಟೆಯ ಮೂಲೆಯನ್ನು ಕೈಯಲ್ಲಿ ಹಿಡಿದು ಅಪ್ಪನ ತಲೆಗೆ ನೆರಳು ಮಾಡಿದ.

ಆಗಲೇ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಕಣ್ಣು ಮಂಜಾಗಿತ್ತು, ಬಾವುಟದ ಬಣ್ಣ ಕಾಣುತ್ತಿರಲಿಲ್ಲ. ಹೆಸರು ಹೇಳಿ, ಅಪ್ಪ ಚೀಟಿ ಬರೆಯುವವರೆಗೆ ಟೇಬಲ್ಲನ್ನು ಸವರಿ ನೋಡಿ, ಇದು ಯಾವ ಪಾರ್ಟಿಯ ಟೇಬಲ್ಲಪ್ಪಾ ಎಂದು ಕೇಳಿದಳು. ರಸ್ತೆಯ ಈ ಬದಿ ಎಲ್ಲರೂ ಕಿವಿ ನಿಮಿರಿಸಿದರು.

ಅಪ್ಪ ಬರೆಯುವುದನ್ನು ಮುಗಿಸಿ, ಚೀಟಿ ಹರಿದು ಮುದುಕಿಯ ಕೈಯಲ್ಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಯಾವ ಪಾರ್ಟಿದೂ ಅಲ್ಲ ಯವ್ವಾ. ಇದು ನಮ್ಮಾಕಿ ತಮ್ಮನ ಟೇಬಲ್ ಅದ."